ನಲ್ವತ್ತು ವರ್ಷ ಲೆಕ್ಕ ಕೇಳಿದ ಕಾರ್ಪೊರೇಟರ್

ಮುಂಬೈಗೆ ರೈಲಿನಲ್ಲಿ ಹೋಗಿ ಸಿಎಸ್‌ಎಂಟಿಯಲ್ಲಿ ಇಳಿಯದ ಬ್ಯಾರಿ ಮನೆ ನಮ್ಮ ಜಿಲ್ಲೆಯಲ್ಲಿ ಕಡಿಮೆ. ಹೋಟೆಲ್ ಕೆಲಸಕ್ಕೆ ಹೋದವರು, ಗಲ್ಫ್ ವೀಸಾಕ್ಕೆ ಅಲೆದವರು, ವ್ಯಾಪಾರದ ಸಾಮಾನು ತರಲು ಹೋದವರು ಹೀಗೆ ಪ್ರತೀ ಮನೆಗೂ ಒಂದು ಮುಂಬೈ ಕತೆ ಉಂಟು. ಆ ಸ್ಟೇಶನ್‌ನಿಂದ ಹೊರಗೆ ಬಂದು ರಸ್ತೆಯ ಆಚೆ ಬದಿ ನೋಡಿದರೆ ಗುಮ್ಮಟ ಇರುವ ದೊಡ್ಡ ಕಲ್ಲಿನ ಕಟ್ಟಡ ಕಾಣುತ್ತದೆ. ಅದು ಮುಂಬೈ ಮಹಾನಗರ ಪಾಲಿಕೆಯ ಕಚೇರಿ. ಅದರ ಎದುರಿಗೆ ಒಬ್ಬರ ಪ್ರತಿಮೆ ಉಂಟು. ಡೋಂಗ್ರಿಗೋ ಭೇಂಡಿ ಬಜಾರಿಗೋ ಟ್ಯಾಕ್ಸಿ ಹಿಡಿಯುವ ಗಡಿಬಿಡಿಯಲ್ಲಿ ಅದು ಯಾರದ್ದು ಎಂದು ನಾವು ನೋಡುವುದಿಲ್ಲ. ಅದು ಒಬ್ಬ ಕಾರ್ಪೊರೇಟರ್‌ರ ಪ್ರತಿಮೆ. ಹೆಸರು ಸರ್ ಫಿರೋಝ್‌ಶಾ ಮೆಹ್ತಾ. ಪಾರ್ಸಿ ಸಮುದಾಯದವರು, ವೃತ್ತಿಯಲ್ಲಿ ಬ್ಯಾರಿಸ್ಟರ್. 1870ರ ದಶಕದ ಆರಂಭದಿಂದ 1915ರಲ್ಲಿ ಕಣ್ಣು ಮುಚ್ಚುವವರೆಗೆ, ಅಂದರೆ ನಲ್ವತ್ತು ವರ್ಷಕ್ಕೂ ಮೀರಿ, ಅವರ ಬದುಕು ಆ ಪಾಲಿಕೆಗೆ ಅಂಟಿಕೊಂಡಿತ್ತು.

ಮೆಹ್ತಾರು 1890ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದರು. ವೈಸರಾಯ್‌ಯ ಶಾಸನ ಸಭೆಯಲ್ಲಿ ಸದಸ್ಯರಾಗಿದ್ದರು. 1911ರಲ್ಲಿ ಸೆಂಟ್ರಲ್ ಬ್ಯಾಂಕ್ ಶುರುವಾದಾಗ ಅದರ ಮೊದಲ ಅಧ್ಯಕ್ಷರು ಅವರೇ. ಇಷ್ಟೆಲ್ಲ ದೊಡ್ಡ ಕುರ್ಚಿ ಸಿಕ್ಕಿದ ಮೇಲೆ ಚರಂಡಿ, ನಲ್ಲಿ ನೀರು, ಕಸದ ಗಾಡಿ ಇದರ ಚರ್ಚೆಗೆ ಯಾರು ಕೂರುತ್ತಾರೆ ಮಾರಾಯ್ರೆ? ಅವರು ಕೂತರು. ನನಗೆ ಅವರ ಮೇಲೆ ಆಸಕ್ತಿ ಹುಟ್ಟಿದ್ದು ಈ ಕಾರಣಕ್ಕೆ.

ಒಂದು ವಿಷಯ ಮೊದಲೇ ಹೇಳಿ ಬಿಡುತ್ತೇನೆ. ಕೆಲವು ಕಡೆ ಅವರನ್ನು ಮುಂಬೈಯ 'ಮುನ್ಸಿಪಲ್ ಕಮಿಷನರ್' ಆಗಿದ್ದರು ಎಂದು ಬರೆದದ್ದು ಸಿಗುತ್ತದೆ. ಅದು ಸರಿಯಲ್ಲ. ಕಮಿಷನರ್ ಎಂದರೆ ಸರಕಾರ ನೇಮಿಸುವ ಅಧಿಕಾರಿ, ಆ ಕಾಲಕ್ಕೆ ಬ್ರಿಟಿಷ್ ಐಸಿಎಸ್‌ನವರು. ಮೆಹ್ತಾರು ಎದುರಿನ ಬೆಂಚಿನಲ್ಲಿ ಕೂತು ಆ ಕಮಿಷನರಲ್ಲಿ ಲೆಕ್ಕ ಕೇಳುವ ಸದಸ್ಯ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಅವರ ಇಡೀ ಬದುಕು ಅರ್ಥವಾಗುವುದಿಲ್ಲ.

ಅವರು ಹುಟ್ಟಿದ್ದು 1845ರಲ್ಲಿ. ಎಂ.ಎ. ಪಾಸಾದದ್ದು 1864ರಲ್ಲಿ. ಒಬ್ಬ ಪಾರ್ಸಿ ಶ್ರೀಮಂತರ ವಿದ್ಯಾರ್ಥಿವೇತನದಲ್ಲಿ ಬ್ಯಾರಿಸ್ಟರ್ ಕಲಿಯಲು ಲಂಡನ್‌ಗೆ ಹೋದರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಮುಂಬೈ ಹತ್ತಿ ವ್ಯಾಪಾರ ಆಕಾಶಕ್ಕೆ ಏರಿತ್ತು, 1865ರಲ್ಲಿ ಅದು ಧೊಪ್ಪನೆ ಬಿತ್ತು. ವಿದ್ಯಾರ್ಥಿವೇತನ ಕೊಟ್ಟ ಮನೆಯೂ ಅದರಲ್ಲಿ ಮುಳುಗಿತು. ಆದರೂ ಹುಡುಗ ಕಲಿಕೆ ಬಿಡಲಿಲ್ಲ, 1868ರಲ್ಲಿ ಬ್ಯಾರಿಸ್ಟರ್ ಆಗಿ ಊರಿಗೆ ಬಂದರು. ಅವರಿಗಿಂತ ಒಂದು ವರ್ಷ ಮೊದಲು ಅದೇ ರೀತಿ ಕಲಿತು ಬಂದವರು ನಮ್ಮ ಬದ್ರುದ್ದೀನ್ ತಯ್ಯಬ್ಜಿ. ಮುಂಬೈಯ ಮೊದಲ ಭಾರತೀಯ ಬ್ಯಾರಿಸ್ಟರ್. ಇಬ್ಬರೂ ಲಂಡನ್‌ನಿಂದಲೇ ಸ್ನೇಹಿತರು.

ಆಗ ಮುಂಬೈಯ ಆಡಳಿತ ಹೇಗಿತ್ತು? 1865ರ ಕಾಯ್ದೆಯಂತೆ ಒಬ್ಬ ಕಮಿಷನರ್, ಅವರ ಮೇಲೆ ಹೆಸರಿಗೆ 'ಜಸ್ಟಿಸ್ ಆಫ್ ದ ಪೀಸ್' ಎಂಬ ನೂರಾರು ಗಣ್ಯರು. ಈ ಗಣ್ಯರನ್ನೂ ಸರಕಾರವೇ ನೇಮಿಸುವುದು, ಅದೂ ಆಯುಷ್ಯಪೂರ್ತಿ. ಕಮಿಷನರ್ ಆರ್ಥರ್ ಕ್ರಾಫರ್ಡ್ ಕೆಲಸಗಾರ. ರಸ್ತೆ ಮಾಡಿಸಿದರು, ಕೊಳಕು ತೆಗೆಸಿದರು, ಇವತ್ತಿಗೂ ನಮ್ಮವರು ಹೋಗುವ ಕ್ರಾಫರ್ಡ್ ಮಾರ್ಕೆಟ್ ಕಟ್ಟಿಸಿದರು. ಆದರೆ ದುಡ್ಡು ನೀರಿನ ಹಾಗೆ ಹೋಯಿತು. ತೆರಿಗೆ ಏರಿತು, ಸಾಲ ಏರಿತು. 1871ರಲ್ಲಿ ತೆರಿಗೆ ಕಟ್ಟುವವರು ಎದ್ದು ನಿಂತರು. ಕ್ರಾಫರ್ಡ್ ಹೋಗಬೇಕು, ಕಮಿಷನರ್ ಹುದ್ದೆಯೇ ಬೇಡ ಎಂದು ಕೂಗು.

ಆ ವರ್ಷ ನವೆಂಬರಿನಲ್ಲಿ ಫ್ರಾಮ್‌ಜಿ ಕಾವಸ್‌ಜಿ ಇನ್‌ಸ್ಟಿಟ್ಯೂಟ್‌ನಲ್ಲಿ ಮೆಹ್ತಾರು ಒಂದು ಪ್ರಬಂಧ ಓದಿದರು. ವಯಸ್ಸು 26. ತುಂಬಿದ ಸಭೆ, ಎಲ್ಲರೂ ಸಿಟ್ಟಿನಲ್ಲಿ. ಆ ಸಿಟ್ಟಿಗೆ ತಾಳ ಹಾಕಿದ್ದರೆ ಚಪ್ಪಾಳೆ ಪುಕ್ಕಟೆ ಸಿಗುತ್ತಿತ್ತು. ಇವರು ಉಲ್ಟಾ ಹೇಳಿದರು. ಕ್ರಾಫರ್ಡ್ ಒಬ್ಬರ ಮೇಲೆ ಎಲ್ಲ ತಪ್ಪು ಹೊರಿಸುವುದು ನ್ಯಾಯವಲ್ಲ, ಅವರು ಊರಿಗೆ ಒಳ್ಳೆಯದನ್ನೂ ಮಾಡಿದ್ದಾರೆ. ಕೆಲಸ ಮಾಡಿಸಲು ಒಬ್ಬ ಅಧಿಕಾರಿ ಇರಲಿ. ಆದರೆ ಅವರ ಲೆಕ್ಕ ಕೇಳುವವರನ್ನು ಸರಕಾರ ನೇಮಿಸುವುದು ಬೇಡ, ತೆರಿಗೆ ಕಟ್ಟುವ ಜನರು ಆರಿಸಬೇಕು. ಇಷ್ಟು ಅವರ ವಾದ. ಸಭೆ ಕೇಳಲಿಲ್ಲ, ಗಲಾಟೆ ಮಾಡಿ ಅವರ ಬಾಯಿ ಮುಚ್ಚಿಸಿತು.

ಆದರೆ ಮರುವರ್ಷ ಬಂದ 1872ರ ಕಾಯ್ದೆ ನೋಡಿದರೆ ಅದು ಹೆಚ್ಚುಕಡಿಮೆ ಆ ಹುಡುಗ ಹೇಳಿದ ದಾರಿಯಲ್ಲೇ ಉಂಟು. 64 ಸದಸ್ಯರ ಪಾಲಿಕೆ, ಅದರಲ್ಲಿ 32 ಮಂದಿ ತೆರಿಗೆದಾರರಿಂದ ಆಯ್ಕೆ, 16 ಮಂದಿ ಜಸ್ಟಿಸ್‌ಗಳಿಂದ, 16 ಮಂದಿ ಸರಕಾರದಿಂದ. ಕಮಿಷನರ್ ಹುದ್ದೆಯೂ ಉಳಿಯಿತು. ಮೆಹ್ತಾರೂ ತಯ್ಯಬ್ಜಿಯವರೂ ಪಾಲಿಕೆಗೆ ಬಂದದ್ದು ಈ ಕಾಯ್ದೆಯ ಮೊದಲ ಕೊಯ್ಲಿನಲ್ಲಿ. ಆ ಕಾಲಕ್ಕೆ ಮುಸ್ಲಿಮರಲ್ಲಿ ಇಂಗ್ಲಿಷ್ ಕಲಿತವರು ಬೆರಳೆಣಿಕೆ. ತಯ್ಯಬ್ಜಿಯವರು 1874ರಲ್ಲಿ ಅಂಜುಮನೆ ಇಸ್ಲಾಂ ಕಟ್ಟಲು ಮುಂದೆ ನಿಂತರು. ಅದರ ಶಾಲೆಯೂ ಸಿಎಸ್‌ಎಂಟಿ ಎದುರಿಗೇ ಉಂಟು, ಪಾಲಿಕೆ ಕಚೇರಿಗೆ ಹತ್ತಿರ. ಅವರು ಮುಂದೆ ಹೈಕೋರ್ಟ್ ನ್ಯಾಯಾಧೀಶರಾಗಿ ಬೇರೆ ದಾರಿ ಹಿಡಿದರು. ಮೆಹ್ತಾರು ಮಾತ್ರ ಪಾಲಿಕೆ ಬಿಡಲಿಲ್ಲ.

ಅವರ ಕೆಲಸ ಎಂತದ್ದು ಎಂದು ಕೇಳಿದರೆ, ಹೇಳಲು ಸಪ್ಪೆ. ಬಜೆಟ್ ಓದುವುದು. ಕಮಿಷನರ್ ಕಳಿಸಿದ ಪತ್ರ, ಟೆಂಡರ್, ಸಾಲದ ಪ್ರಸ್ತಾಪ ಓದುವುದು. ಕಾಯ್ದೆಯ ಯಾವ ಕಲಂನಲ್ಲಿ ಎಂತ ಉಂಟು ಎಂದು ಬಾಯಿಪಾಠ ಇಟ್ಟುಕೊಳ್ಳುವುದು. ಸಭೆಗೆ ಬರುವುದು, ಮತ್ತೆ ಬರುವುದು. ಅವರ ವಕಾಲತ್ತು ಹೆಚ್ಚಿನದ್ದು ಮುಂಬೈ ಹೊರಗಿನ ಕೋರ್ಟುಗಳಲ್ಲಿ. ಅಂದರೆ ದುಡ್ಡು ಇದ್ದದ್ದು ಪರವೂರಲ್ಲಿ, ಪಾಲಿಕೆ ಸಭೆ ಇದ್ದದ್ದು ಇಲ್ಲಿ.

ನಮ್ಮ ಜಮಾಅತ್‌ಗಳ ಮಹಾಸಭೆ ನೆನಪಿಸಿಕೊಳ್ಳಿ. ಕೋಶಾಧಿಕಾರಿ ಲೆಕ್ಕ ಓದುತ್ತಾರೆ, ನಾವು ಗಡಿಯಾರ ನೋಡುತ್ತೇವೆ. ಕೊನೆಗೆ 'ಅಂಗೀಕಾರವೇ?' ಎಂದು ಕೇಳಿದರೆ 'ಹೌದು ಹೌದು' ಎನ್ನುತ್ತೇವೆ, ಯಾಕೆಂದರೆ ಚಾ ಬಂದಾಗಿದೆ. ಆ ಹೊತ್ತಿಗೆ ಒಬ್ಬರು ಎದ್ದು 'ಮೂರನೇ ಪುಟದಲ್ಲಿ ಇದು ಎಂತ?' ಎಂದು ಕೇಳಿದರೆ ಅವರು ಯಾರಿಗೂ ಇಷ್ಟವಾಗುವುದಿಲ್ಲ. ಮೆಹ್ತಾರು ನಲ್ವತ್ತು ವರ್ಷ ಆ ಮನುಷ್ಯ ಆಗಿದ್ದರು. ಅಧಿಕಾರಿಗಳಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಇಂಗ್ಲಿಷಿನವರು ಅವರ ಹೆಸರನ್ನೇ ತಿರುಚಿ 'ಫೆರೋಶಿಯಸ್' ಮೆಹ್ತಾ ಎಂದರು, ಎಂದರೆ ಉಗ್ರ ಮೆಹ್ತಾ.

1884 ಮತ್ತು 1885ರಲ್ಲಿ ಎರಡು ಸಲ ಅವರು ಪಾಲಿಕೆಯ ಅಧ್ಯಕ್ಷರಾದರು. ಆದರೆ ಅವರ ಬದುಕಿನ ದೊಡ್ಡ ಕೆಲಸ 1888ರ ಕಾಯ್ದೆ. ಆಗ ಬಂದ ಮಸೂದೆಯಲ್ಲಿ ಕಮಿಷನರ್ ಕೈಯನ್ನು ಬಲ ಮಾಡುವ ಉದ್ದೇಶ ಇತ್ತು. ಮೆಹ್ತಾರೂ ಕಾಶೀನಾಥ ತ್ರ್ಯಂಬಕ ತೇಲಂಗರೂ ಮುಂಬೈ ಶಾಸನ ಸಭೆಯಲ್ಲಿದ್ದು ಕಲಂ ಕಲಂ ಹಿಡಿದು ವಾದ ಮಾಡಿದರು. ಕೊನೆಗೆ ಬಂದ ಕಾಯ್ದೆಯಲ್ಲಿ ಊರಿನ ಆಡಳಿತ ಪಾಲಿಕೆಯದ್ದು, ಅದನ್ನು ಜಾರಿ ಮಾಡುವುದು ಕಮಿಷನರ್, ದುಡ್ಡಿನ ಮೇಲೆ ಕಣ್ಣಿಡುವುದು ಸ್ಥಾಯಿ ಸಮಿತಿ ಎಂದಾಯಿತು. ಸದಸ್ಯರ ಸಂಖ್ಯೆ 72ಕ್ಕೆ ಏರಿತು. 1888ರ ಆ ಕಾಯ್ದೆ, ಎಷ್ಟೋ ತಿದ್ದುಪಡಿಗಳ ಜತೆ, ಮುಂಬೈಯಲ್ಲಿ ಇವತ್ತಿಗೂ ಚಾಲ್ತಿಯಲ್ಲುಂಟು. ನಮ್ಮ ಮಂಗಳೂರು ಪಾಲಿಕೆ ನಡೆಯುವುದು 1976ರ ಕರ್ನಾಟಕದ ಕಾಯ್ದೆಯಲ್ಲಿ. ಆದರೆ ಅಲ್ಲೂ ಅಚ್ಚು ಅದೇ. ಫೈಲಿಗೆ ಸಹಿ ಹಾಕುವುದು ಆಯುಕ್ತರು, ಬಜೆಟ್ ಪಾಸ್ ಮಾಡುವುದು ನಾವು ಆರಿಸಿದವರು. ಕಾರ್ಪೊರೇಟರಲ್ಲಿ ಹೋಗಿ 'ನೀವು ಸಹಿ ಹಾಕಿ ಕೊಡಿ' ಎಂದು ಜಗಳ ಮಾಡುವ ಮೊದಲು ಇದು ತಿಳಿದಿದ್ದರೆ ಒಳ್ಳೆಯದು.

ನೀರಿನ ವಿಷಯಕ್ಕೆ ಬರುತ್ತೇನೆ. ಮುಂಬೈಗೆ ವಿಹಾರ್ ಕೆರೆಯ ನೀರು ಬಂದದ್ದು 1860ರಲ್ಲಿ, ಆಮೇಲೆ ತುಳಸಿ, 1892ರಲ್ಲಿ ಥಾಣೆ ಜಿಲ್ಲೆಯ ತಾನ್ಸಾ. ಮುಂಬೈಯಲ್ಲಿ ದುಡಿದ ನಮ್ಮ ಅಜ್ಜಂದಿರು ಕುಡಿದದ್ದು ಈ ಕೆರೆಗಳ ನೀರು. ತಾನ್ಸಾದಂತಹ ಯೋಜನೆಗೆ ಊರೇ ಸಾಲ ಮಾಡಬೇಕು, ಊರೇ ತೀರಿಸಬೇಕು. ಮಲಬಾರ್ ಹಿಲ್‌ನ ಹ್ಯಾಂಗಿಂಗ್ ಗಾರ್ಡನ್ ನೋಡಲು ಹೋದವರು ಗಮನಿಸಿರಬಹುದು, ಅದಕ್ಕೆ ಇಟ್ಟ ಹೆಸರು ಫಿರೋಝ್‌ಶಾ ಮೆಹ್ತಾ ಉದ್ಯಾನ. ಹೂವಿನ ಅಡಿಯಲ್ಲಿ ಇರುವುದು ಊರಿಗೆ ನೀರು ಕೊಡುವ ಟ್ಯಾಂಕ್.

ಪೊಲೀಸ್ ಖರ್ಚಿನ ಜಗಳವೂ ಸ್ವಾರಸ್ಯ ಉಂಟು. ಪೊಲೀಸರು ಸರಕಾರದ ಕೈಯಲ್ಲಿ, ಆದರೆ ಅವರ ಖರ್ಚಿನ ಪಾಲು ಪಾಲಿಕೆಯ ತಲೆ ಮೇಲೆ. ಪೊಲೀಸರಿಗೆ ಆಜ್ಞೆ ಕೊಡುವ ಅಧಿಕಾರ ನಮಗಿಲ್ಲ, ಹಾಗಾದರೆ ದುಡ್ಡು ನಾವು ಯಾಕೆ ಕೊಡಬೇಕು ಎಂದು ಮೆಹ್ತಾರು ವರ್ಷಗಟ್ಟಲೆ ಕೇಳಿದರು. ಕೊನೆಗೆ 1907ರಲ್ಲಿ ಇತ್ಯರ್ಥವಾಯಿತು. ಪೊಲೀಸ್ ಖರ್ಚು ಸರಕಾರಕ್ಕೆ ಹೋಯಿತು, ಬದಲಿಗೆ ಪ್ರಾಥಮಿಕ ಶಾಲೆ ಮತ್ತು ಆಸ್ಪತ್ರೆಯ ಹೊಣೆ ಪಾಲಿಕೆಗೆ ಬಂತು. ಲಾಠಿಯ ದುಡ್ಡು ಸ್ಲೇಟಿಗೆ ಬಂತು ಎನ್ನಿ. ಶಾಲೆಯ ಮೇಷ್ಟ್ರಾದ ನನಗೆ ಇದು ಅವರ ಎಲ್ಲ ಕೆಲಸಕ್ಕಿಂತ ಹೆಚ್ಚು ಇಷ್ಟ.

ಎಲ್ಲ ಸಲ ಅವರು ಗೆಲ್ಲಲಿಲ್ಲ. 1896ರಲ್ಲಿ ಬಂದರಿನ ಹತ್ತಿರದ ಮಾಂಡ್ವಿಯಲ್ಲಿ ಪ್ಲೇಗ್ ಬಂತು. ಮೊದಲು ಗುರುತಿಸಿದವರು ಡಾಕ್ಟರ್ ಅಕಾಸಿಯೊ ವೀಗಾಸ್, ಗೋವಾ ಮೂಲದ ಕ್ರೈಸ್ತರು, ಅವರೂ ಪಾಲಿಕೆಯ ಸದಸ್ಯರೇ. ಆದರೆ 1897ರಲ್ಲಿ ಸರಕಾರ ಪಾಲಿಕೆಯನ್ನು ಬದಿಗೆ ಸರಿಸಿ ಸೇನೆಯ ಅಧಿಕಾರಿ ಗೇಟೇಕರ್ ಅವರ ಕೆಳಗೆ ಪ್ಲೇಗ್ ಸಮಿತಿ ಮಾಡಿತು. ಮನೆ ಮನೆ ತಪಾಸಣೆ, ರೋಗಿಗಳನ್ನು ಎಳೆದುಕೊಂಡು ಹೋಗುವುದು, ಹೆಂಗಸರ ಪರೀಕ್ಷೆ. ಜನ ಹೆದರಿದರು. 1898ರ ಮಾರ್ಚಿನಲ್ಲಿ ಮದನಪುರದ ಮುಸ್ಲಿಂ ನೇಕಾರರ ಮನೆಯೊಂದರಿಂದ ಕಾಯಿಲೆಯ ಹುಡುಗಿಯನ್ನು ಕರೆದೊಯ್ಯಲು ಬಂದಾಗ ದೊಡ್ಡ ಗಲಭೆಯೇ ಆಯಿತು. ಜನರ ನಡುವೆ ಇರುವ ಸದಸ್ಯರನ್ನು ಬಿಟ್ಟು ಸಿಪಾಯಿಗಳ ಮೂಲಕ ಆರೋಗ್ಯ ಇಲಾಖೆ ನಡೆಸಿದರೆ ಆಗುವುದು ಇದೇ.

ಅದೇ 1898ರಲ್ಲಿ ಊರನ್ನು ಶುಚಿ ಮಾಡಲು 'ಇಂಪ್ರೂವ್‌ಮೆಂಟ್ ಟ್ರಸ್ಟ್' ಎಂಬ ಬೇರೆಯೇ ಸಂಸ್ಥೆ ಬಂತು. ಪಾಲಿಕೆಗೆ ಅಲ್ಲಿ ಕೆಲವೇ ಸ್ಥಾನ. ಮೆಹ್ತಾರು ವಿರೋಧಿಸಿದರು, ಟ್ರಸ್ಟ್ ನಿಲ್ಲಲಿಲ್ಲ. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಎಲ್ಲ ಆ ಟ್ರಸ್ಟ್ ಕಡಿದ ರಸ್ತೆಗಳು. ರಸ್ತೆ ಅಗಲವಾಯಿತು, ಆದರೆ ಅಲ್ಲಿದ್ದ ಬಡವರು ಪಕ್ಕದ ಗಲ್ಲಿಗಳಲ್ಲಿ ಇನ್ನೂ ಒತ್ತೊತ್ತಾಗಿ ತುಂಬಿಕೊಂಡರು. 1933ರಲ್ಲಿ ಟ್ರಸ್ಟನ್ನು ಪಾಲಿಕೆಯಲ್ಲೇ ವಿಲೀನ ಮಾಡಿದರು. ಮೆಹ್ತಾರು ಆಗ ಇರಲಿಲ್ಲ. 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗ ಇಲ್ಲಿಯೂ ಪಾಲಿಕೆಯ ಪಕ್ಕಕ್ಕೆ ಒಂದು ಕಂಪೆನಿ ಬಂತಲ್ಲ, ಆಗ ನಡೆದ ಚರ್ಚೆ ನೂರು ವರ್ಷ ಹಳೆಯದ್ದು.

ಈಗ 1907ರ ಕತೆ. ಆ ಹೊತ್ತಿಗೆ ಅವರಿಗೆ ಅರುವತ್ತು ದಾಟಿತ್ತು. 1904ರಲ್ಲಿ 'ಸರ್' ಪದವಿ ಬಂದಿತ್ತು, 1905ರಲ್ಲಿ ಇಂಗ್ಲೆಂಡಿನ ಯುವರಾಜ ಬಂದಾಗ ಊರಿನ ಪರವಾಗಿ ಸ್ವಾಗತಿಸಿದ ಪಾಲಿಕೆ ಅಧ್ಯಕ್ಷರೂ ಅವರೇ. ಅವರು ಆಗ ಆರಿಸಿ ಬರುತ್ತಿದ್ದದ್ದು ಜಸ್ಟಿಸ್‌ಗಳ 16 ಸ್ಥಾನಗಳಲ್ಲಿ. ಈ ಮನುಷ್ಯ ಇರುವವರೆಗೆ ಪಾಲಿಕೆ ನಮ್ಮ ಮಾತು ಕೇಳುವುದಿಲ್ಲ ಎಂದು ಕೆಲವು ಇಂಗ್ಲಿಷಿನವರು ಒಂದು ಗುಂಪು ಕಟ್ಟಿದರು. ಅಕೌಂಟೆಂಟ್ ಜನರಲ್ ಹ್ಯಾರಿಸನ್, ಕಲೆಕ್ಟರ್ ಹ್ಯಾಚ್, ಟೈಮ್ಸ್ ಆಫ್ ಇಂಡಿಯಾದ ಸಂಪಾದಕ ಲೊವಾಟ್ ಫ್ರೇಝರ್ ಇದರ ಮುಂದಾಳುಗಳು. ಊರವರು ಇದನ್ನು 'ಕಾಕಸ್' ಎಂದು ಕರೆದರು, ಒಳಸಂಚಿನ ಕೂಟ ಎಂಬ ಅರ್ಥದಲ್ಲಿ. ಅವರು ತಮ್ಮದೇ 16 ಮಂದಿಯ ಪಟ್ಟಿ ಮಾಡಿ, ಇವರಿಗೇ ಓಟು ಹಾಕಿ ಎಂದು ಜಸ್ಟಿಸ್‌ಗಳಲ್ಲಿ ಹೇಳಿಸಿದರು. ಸರಕಾರಿ ನೌಕರಿಯಲ್ಲಿ ಇರುವವನಿಗೆ ಮೇಲಧಿಕಾರಿ ಪಟ್ಟಿ ತೋರಿಸಿದರೆ ಅದರ ಅರ್ಥ ಎಂತ ಎಂದು ಹೇಳಬೇಕಾಗಿಲ್ಲ.

ಓಟು ಎಣಿಸಿದರು. ಗೆಲ್ಲಬೇಕಾದವರು 16. ಮೆಹ್ತಾರು 17ನೆಯವರು.

ಊರು ಸುಮ್ಮನೆ ಕೂರಲಿಲ್ಲ. ಮಾಧವ ಬಾಗಿನಲ್ಲಿ ದೊಡ್ಡ ಸಾರ್ವಜನಿಕ ಸಭೆ ಸೇರಿತು. ಒಬ್ಬ ವೃದ್ಧ ಸದಸ್ಯ ಸೋತದ್ದಕ್ಕೆ ಅಷ್ಟು ಜನ ಯಾಕೆ ಬರಬೇಕು? ಸರಕಾರಿ ಅಧಿಕಾರಿಗಳು ಚುನಾವಣೆಗೆ ಕೈ ಹಾಕಿದ್ದು ಜನರಿಗೆ ನೋವಾಗಿತ್ತು. ಇಷ್ಟರಲ್ಲಿ ಗೆದ್ದ 16 ಮಂದಿಯಲ್ಲಿ ಒಬ್ಬರ ಆಯ್ಕೆಯೇ ಕಾಯ್ದೆ ಪ್ರಕಾರ ಊರ್ಜಿತವಲ್ಲ ಎಂಬ ತಕರಾರು ಎದ್ದಿತು. ನ್ಯಾಯಾಲಯ ಅದನ್ನು ಒಪ್ಪಿತು. ಖಾಲಿಯಾದ ಸ್ಥಾನ ಮುಂದಿನ ಹೆಸರಿಗೆ, ಅಂದರೆ 17ನೆಯವರಿಗೆ ಹೋಯಿತು. ಕಾಯ್ದೆಯ ಒಂದೊಂದು ಕಲಂ ಹಿಡಿದು ಮೂವತ್ತು ವರ್ಷಕ್ಕೂ ಮೀರಿ ವಾದ ಮಾಡಿದವರನ್ನು ಕೊನೆಗೆ ಕಾಯ್ದೆಯ ಕಲಂ ಒಂದು ವಾಪಸು ಕರೆತಂದಿತು. ನಾಲ್ಕು ವರ್ಷ ಕಳೆದು 1911ರಲ್ಲಿ ಅದೇ ಮನುಷ್ಯ ನಾಲ್ಕನೇ ಸಲ ಅಧ್ಯಕ್ಷ. ಪತ್ರಿಕೆ ಅವರ ಕೈಯಲ್ಲಿದ್ದರೆ ನಮ್ಮ ಮಾತು ಊರಿಗೆ ಮುಟ್ಟುವುದಿಲ್ಲ ಎಂಬ ಪಾಠವನ್ನೂ ಅವರು ಮರೆತಿರಲಿಲ್ಲ. 1913ರಲ್ಲಿ 'ಬಾಂಬೆ ಕ್ರಾನಿಕಲ್' ಪತ್ರಿಕೆ ಶುರು ಮಾಡಿದರು.

ಹಾಗೆಂದು ಅವರನ್ನು ತಲೆ ಮೇಲೆ ಹೊರುವ ಅಗತ್ಯ ಇಲ್ಲ. ಅವರು ಹಟಮಾರಿ. ತನ್ನ ಮಾತೇ ನಡೆಯಬೇಕು ಎನ್ನುವ ಜಾತಿ, ಸ್ವಂತ ಕಡೆಯವರೇ ಸರ್ವಾಧಿಕಾರಿ ಎಂದು ದೂರಿದ್ದುಂಟು. ಅದಕ್ಕಿಂತ ದೊಡ್ಡ ಮಾತು ಇನ್ನೊಂದು. ಅವರು 'ಜನ' ಎಂದದ್ದು ತೆರಿಗೆ ಕಟ್ಟುವ ಜನರನ್ನು. ಪರೇಲ್‌ನ ಗಿರಣಿ ಕೆಲಸಗಾರನಿಗೆ, ಬಂದರಿನ ಹಮಾಲಿಗೆ ಓಟು ಇರಲಿಲ್ಲ. ಒಂದೊಂದು ಕೋಣೆಯಲ್ಲಿ ಹತ್ತು ಮಂದಿ ಮಲಗುತ್ತಿದ್ದ ಚಾಳ್‌ಗಳ ಸ್ಥಿತಿಯನ್ನು ಪ್ಲೇಗ್ ಬರುವವರೆಗೆ ಪಾಲಿಕೆ ಸರಿ ಮಾಡಿರಲಿಲ್ಲ ಎಂಬುದೂ ಸತ್ಯ, ಯಾಕೆಂದರೆ ಪಾಲಿಕೆಯಲ್ಲಿ ಕೂತವರಲ್ಲಿ ಬಾಡಿಗೆ ವಸೂಲು ಮಾಡುವ ಮಾಲಕರು ತುಂಬ ಇದ್ದರು. ಟ್ರಸ್ಟ್ ತರಲು ಸರಕಾರಕ್ಕೆ ನೆಪ ಸಿಕ್ಕಿದ್ದೂ ಅದರಿಂದಲೇ. ಹೊಟ್ಟೆಪಾಡಿಗೆ ಮುಂಬೈ ಸೇರಿದ ಬಡ ಮನುಷ್ಯನಿಗೆ ಪಾಲಿಕೆ ಚುನಾವಣೆಯಲ್ಲಿ ಓಟು ಸಿಕ್ಕಿದ್ದು ಸ್ವಾತಂತ್ರ್ಯ ಬಂದ ಮೇಲೆ.

ಮೆಹ್ತಾರು 1915ರ ನವೆಂಬರ್ 5ರಂದು ತೀರಿಕೊಂಡರು. ಅವರ ಕಾಲದಲ್ಲಿ ಓಟು ಕೆಲವರಿಗೆ ಮಾತ್ರ ಇತ್ತು, ಆದರೆ ಸಭೆಯಲ್ಲಿ ಕುರ್ಚಿ ಭರ್ತಿ ಇತ್ತು. ಇವತ್ತು ಓಟು ಎಲ್ಲರಿಗೂ ಉಂಟು. ಆದರೆ 2022ರ ಮಾರ್ಚಿನಲ್ಲಿ ಅವಧಿ ಮುಗಿದ ಮುಂಬೈ ಪಾಲಿಕೆಯನ್ನು ಆಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಸಿದ್ದು ಆಡಳಿತಾಧಿಕಾರಿ. ಅಷ್ಟು ದೊಡ್ಡ ಬಜೆಟ್, ಎದ್ದು ನಿಂತು ಕೇಳಲು ಆಗ ಒಬ್ಬ ಸದಸ್ಯನೂ ಸಭೆಯಲ್ಲಿ ಇರಲಿಲ್ಲ. ನಮ್ಮ ಮಂಗಳೂರು ಪಾಲಿಕೆಯ 60 ವಾರ್ಡುಗಳ ಸದಸ್ಯರ ಅವಧಿ 2025ರ ಫೆಬ್ರವರಿಯಲ್ಲಿ ಮುಗಿದಾಗಲೂ ಚುನಾವಣೆ ಆಗಿರಲಿಲ್ಲ, ಆಡಳಿತಾಧಿಕಾರಿಯೇ ಬಂದರು. ಮಳೆಗಾಲದಲ್ಲಿ ತೋಡಿನ ನೀರು ಮನೆಯೊಳಗೆ ಬಂದರೆ ಮಾಜಿ ಕಾರ್ಪೊರೇಟರಿಗೇ ಫೋನ್ ಮಾಡುವವರಿದ್ದಾರೆ. ಅವರು ಫೋನ್ ಎತ್ತುತ್ತಾರೆ, ಬಂದು ನೋಡಲೂಬಹುದು. ಆದರೆ ಸಭೆಯಲ್ಲಿ ಎದ್ದು ಆಯುಕ್ತರಲ್ಲಿ 'ಇದಕ್ಕೆ ಇಟ್ಟ ದುಡ್ಡು ಎಲ್ಲಿ?' ಎಂದು ಕೇಳುವ ಹಕ್ಕು ಅವರಿಗೂ ಇಲ್ಲ.